ಹಿಮದ ಮದುವೆಗೆ ಬಂದ ಫೋನು

ಬಾಲ್ತಿಸ್ತಾನದ ಆ ಹಳ್ಳಿಯ ನೆತ್ತಿಯ ಮೇಲಿದ್ದ ಹಿಮನದಿ ಕರಗಿಹೋಗಿ, ಶುಕೂರ್ ಅಲಿಯ ಜವೆಗೋಧಿ ಹೊಲದ ಕಾಲುವೆಯಲ್ಲಿ ಧೂಳು ಹರಿಯುತ್ತಿತ್ತು. ಇನ್ನು ಉಳಿದದ್ದು ಅಜ್ಜಂದಿರ ಉಪಾಯ. ಎರಡು ಕಣಿವೆಗಳಿಂದ ಕಲ್ಲುಮಣ್ಣು ಬೆರೆತ ಕಪ್ಪು ಗಂಡು ಹಿಮ, ಬೆಳ್ಳನೆಯ ಹೆಣ್ಣು ಹಿಮ ಹೊತ್ತು ತಂದು, ನೆರಳಿನ ಗುಂಡಿಯಲ್ಲಿ ಇದ್ದಿಲು, ಹೊಟ್ಟು ಸುರಿದು ಜೊತೆಯಾಗಿ ಹೂಳಬೇಕು. ಮದುವೆ ಕೂಡಿಬಂದರೆ ಹೊಸ ಹಿಮನದಿ ಹುಟ್ಟುತ್ತದೆ. ಆದರೆ ಹೊತ್ತವರು ದಾರಿಯಲ್ಲಿ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಅವರ ಬುಟ್ಟಿಯ ಹಿಮ ಕೆಟ್ಟಿತು.

ಶುಕೂರನಂಥ ಬಾಯಿಬಡುಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಆದರೂ ಹೊಲ ಉಳಿಯಬೇಕಲ್ಲ, ಬುಟ್ಟಿ ಹೊತ್ತು ಹಲ್ಲು ಕಚ್ಚಿ ನಡೆದ. ಮುಂದೆ ಊರಿನ ಮುಖಂಡ, ನಂಬರ್‌ದಾರ ಸಖಾವತ್. ಹುಟ್ಟಿದಾಗಿನಿಂದ ಹುಲ್ಲಿನ ಹೊರೆಯನ್ನೂ ಹೊರದ ಮಹಾನುಭಾವ, ಯಾರೋ ಫೋಟೊ ತೆಗೆಯುತ್ತಾರೆಂದು ಹಿಮದ ಬುಟ್ಟಿ ಬೆನ್ನಿಗೇರಿಸಿದ್ದ.

ದಿಣ್ಣೆ ಹತ್ತಿದ್ದೇ ತಡ, ಸಿಗ್ನಲ್ ಸಿಕ್ಕಿ ಸಖಾವತನ ಜೇಬು ನಡುಗಿತು. ಅವನು ಫೋನನ್ನು ಗಡ್ಡದೊಳಗೆ ಹುದುಗಿಸಿ ಪಿಸುಗುಟ್ಟಿದ.

"ಹೂಂ, ಸ್ಕರ್ದು ಪೇಟೆ ಮನೆ ನಮಗೇ ಇರ್ಲಿ. ನಲ್ಲೀಲಿ ದಿನಾ ನೀರು ಬರುತ್ತೆ ತಾನೆ? ಚಳಿ ಹಿಡಿಯೋ ಮೊದ್ಲೇ ಬಂದ್ಬಿಡ್ತೀವಿ. ಇಲ್ಲೇನಿದೆ, ಮಣ್ಣು."

ಹಿಂದಿದ್ದ ಶುಕೂರನಿಗೆ ಮೈಯೆಲ್ಲ ಉರಿದುಹೋಯಿತು. ಬೈದರೆ ತನ್ನ ಬುಟ್ಟಿಯ ಹಿಮವೂ ಕೆಟ್ಟಂತೆ. ನಾಲಿಗೆ ತುದಿಗೆ ಬಂದದ್ದನ್ನೆಲ್ಲ ನುಂಗುತ್ತ ಹತ್ತಿದ.

ಗುಂಡಿಯ ಬಳಿ ಬುಟ್ಟಿಗಳೆಲ್ಲ ಇಳಿದವು. ಸಖಾವತ್ ಎದೆಯುಬ್ಬಿಸಿದ. "ಒಬ್ರೂ ಉಸಿರೆತ್ತಲಿಲ್ಲ ನೋಡಿ. ಈ ನೀರನ್ನ ನಮ್ಮ ಮೊಮ್ಮಕ್ಕಳು ಕುಡೀತಾರೆ."

"ನಿಮ್ಮ ಮೊಮ್ಮಕ್ಕಳಿಗ್ಯಾಕೆ ಸಾಹೇಬ್ರೇ ಈ ನೀರು?" ಎಂದ ಶುಕೂರ್. "ಸ್ಕರ್ದೂಲಿ ನಲ್ಲಿ ಇದೆಯಲ್ಲ. ದಿಣ್ಣೆ ಮೇಲೆ ಫೋನ್‌ನಲ್ಲಿ ನೀವೇ ವಿಚಾರಿಸಿದ್ರಿ."

ಎಲ್ಲರೂ ಸಖಾವತನ ಮುಖ ನೋಡಿದರು. ಅದು ಸುಣ್ಣದಂತಾಗಿತ್ತು. ಮದುವೆ ನಡೆಸಲು ಬಂದಿದ್ದ ಮುದುಕ ಮೆಹ್ದಿ ಮುಂದೆ ಬಂದ; ಊರಿಗೆಲ್ಲ ಅವನು ಅಪೋ, ಅಂದರೆ ಅಜ್ಜ. ಸಖಾವತನ ಬುಟ್ಟಿ ಎತ್ತಿ ಹಿಮವನ್ನು ಇಳಿಜಾರಿಗೆ ಸುರಿದ.

"ಹೋಗಿ ಇನ್ನೊಂದು ಬುಟ್ಟಿ ಹಿಮ ತಗೊಂಬಾ. ಒಬ್ಬನೇ. ಫೋನ್ ಇಲ್ಲಿಡು."

"ಅಪೋ, ನನ್ನ ಮಂಡಿ..."

"ಈಗಿಂದ್ಲೇ ಮೌನ. ಇನ್ನೊಂದು ಮಾತಾಡಿದ್ರೆ ಎರಡು ಬುಟ್ಟಿ."

ಸಖಾವತ್ ಫೋನ್ ಕೆಳಗಿಟ್ಟು, ಖಾಲಿ ಬುಟ್ಟಿ ಹೊತ್ತು ನಾಲ್ಕು ಹೆಜ್ಜೆ ಇಳಿದಿದ್ದನೋ ಇಲ್ಲವೋ, ಫೋನು ಮತ್ತೆ ಹೊಡೆದುಕೊಂಡಿತು. ಶುಕೂರ್ ಎತ್ತಿಕೊಂಡ. ಹಿಮ ಹೊತ್ತಾಗಿತ್ತು, ಅವನ ಬಾಯಿಗೆ ಬಿಡುಗಡೆ ಸಿಕ್ಕಿತ್ತು.

"ಯಜಮಾನ್ರು ಮದುವೆ ಕೆಲಸದಲ್ಲಿದಾರೆ, ಮಾತಾಡೋ ಹಾಗಿಲ್ಲ. ಆ ಮನೆ ಬೇರೆಯವ್ರಿಗೆ ಕೊಟ್ಬಿಡಿ. ಹೂಂ, ಅವ್ರು ಇಲ್ಲೇ ನಮ್ಮ ಜೊತೇಲೇ ಇರ್ತಾರೆ."

ಕೆಳಗೆ ಸಖಾವತ್ ಗಕ್ಕನೆ ನಿಂತು ತಿರುಗಿ ಬಾಯಿ ತೆರೆದ. ಅಪೋ ಮೆಹ್ದಿ ತುಟಿಯ ಮೇಲೆ ಬೆರಳಿಟ್ಟ. ನಂಬರ್‌ದಾರ ಬಾಯಿ ಮುಚ್ಚಿಕೊಂಡು ಹಿಮ ತರಲು ಹೋದ.