ಅಡಿಗೆಮನೆಗೇ ನುಗ್ಗಿದ ಗಿರಾಕಿಗಳು

ನಮ್ಮ ಕಡೆ ಒಳ್ಳೆಯ ಊಟದ ಮನೆಗೆ ಬೋರ್ಡು ಇರುವುದಿಲ್ಲ. ಬಂದವರು ನೇರ ಅಡಿಗೆಮನೆಗೆ ಹೋಗಿ, ಒಲೆಯ ಮೇಲಿನ ಪಾತ್ರೆಗಳ ಮುಚ್ಚಳ ತೆಗೆದು ತಾವೇ ಬಡಿಸಿಕೊಳ್ಳುತ್ತಾರೆ. ಜಾವಾದ ಮೆರಾಪಿ ಬೆಟ್ಟದ ತಪ್ಪಲಿನ ಇಂಥ ಮನೆಗಳನ್ನು ಹುಡುಕಿಕೊಂಡು ಭಾನುವಾರ ಯೋಗ್ಯಕರ್ತ ಪಟ್ಟಣದಿಂದ ಕಾರುಗಳು ಬರುತ್ತವೆ. ನಮ್ಮ ಮನೆಯೂ ಹಾಗಾಗಲಿ ಎಂದು ಮೂರು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೆ. ನಮ್ಮ ಯಜಮಾನರು ಪಾರ್ಜಾನ್ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ನಿನ್ನ ಅಡಿಗೆಗೆ ದುಡ್ಡು ಕೊಡೋರು ಯಾರೇ? ನಾನು ತಿನ್ನೋದು ಕಟ್ಕೊಂಡ ತಪ್ಪಿಗೆ," ಎನ್ನುತ್ತಿದ್ದರು. ಅದೂ ಮೂರನೇ ಸಲ ಬಡಿಸಿಕೊಳ್ಳುತ್ತ! ತಮಾಷೆಯೇ ಇರಬಹುದು, ಆದರೆ ನನಗೆ ನೋಯುತ್ತಿತ್ತು.

ಒಂದು ಭಾನುವಾರ ನಮ್ಮ ಅಂಗಳದಲ್ಲೇ ಕಾರು ನಿಂತಿತು. ದಪ್ಪಗಿನ ಹೆಂಗಸೊಬ್ಬಳು ಇಳಿದು, "ಊಟ ಇದ್ಯಾ, ಬು?" ಎಂದಳು; ನಮ್ಮಲ್ಲಿ ಬು ಎಂದರೆ ಅಮ್ಮ. ಊಟದ ಹೊತ್ತಿಗೆ ಬಂದವರಿಗೆ ಇಲ್ಲ ಎನ್ನಲು ಜಾವಾದಲ್ಲಿ ಯಾರಿಗೆ ನಾಲಗೆ ಹೊರಳುತ್ತದೆ? "ಬನ್ನಿ ಬನ್ನಿ," ಎಂದೆ. ಅಷ್ಟೇ ಸಾಕಾಯಿತು. ಗಂಡ, ಅಣ್ಣ, ಅತ್ತಿಗೆ ಸಮೇತ ಅಡಿಗೆಮನೆಗೆ ನುಗ್ಗಿದಳು.

ತೆಂಗಿನಹಾಲಿನಲ್ಲಿ ಬೇಯಿಸಿದ ಸೀಮೆಬದನೆ, ಸೋಯಾಕಾಳು ಹುದುಗಿಸಿ ಮಾಡಿ ಕರಿದ ಟೆಂಪೆ, ಮೆಣಸಿನಕಾಯಿ ಅರೆದ ಸಂಬಲ್ ಎಲ್ಲ ತಟ್ಟೆಗೆ ಬಿತ್ತು. ಯಜಮಾನರಿಗೆಂದು ಎತ್ತಿಟ್ಟ ಮೊಟ್ಟೆಯೂ ಹೋಯಿತು. ಸ್ನಾನ ಮುಗಿಸಿ ಬಂದ ಅವರು ಬಾಗಿಲಲ್ಲೇ ನಿಂತುಬಿಟ್ಟರು.

"ಯಾರೇ ಇವ್ರು? ನಿನ್ನ ಕಡೆ ನೆಂಟ್ರಾ?"

"ಊಟದ ಮನೆ ಅಂದ್ಕೊಂಡಿದಾರೆ."

"ಅಲ್ಲ ಅಂತ ಹೇಳೇ!"

"ತುತ್ತು ಬಾಯಲ್ಲಿರೋರಿಗಾ? ನೀವೇ ಹೇಳಿ."

ಅವರು ಗಂಟಲು ಸರಿಮಾಡಿಕೊಂಡು ಹೇಳಲು ಹೊರಟರು. "ಪಾಕ್, ಇನ್ನೊಂಚೂರು ಸಂಬಲ್!" ಎಂದು, ಯಜಮಾನ ಎನ್ನುವಂತೆ, ಅವರನ್ನೇ ಕೂಗಿದ ಆ ಹೆಂಗಸಿನ ಅಣ್ಣ. ನಮ್ಮ ಯಜಮಾನರು ತೆಪ್ಪಗೆ ಸಂಬಲ್ ತಂದು ಬಡಿಸಿದರು. ನನಗೆ ನಗು ತಡೆಯಲಾಗಲಿಲ್ಲ.

ಕೈ ತೊಳೆಯಲು ಎದ್ದ ಹೆಂಗಸು ಪಕ್ಕದ ಕೋಣೆಯಲ್ಲಿ ನಮ್ಮ ಮಂಚ, ಮಡಿಸದ ಹೊದಿಕೆ ಕಂಡು ಬೆಪ್ಪಾದಳು.

"ಅಯ್ಯೋ ಬು, ಇದು ಬರೀ ಮನೇನಾ? ನಮ್ಮ ಮಾನ ಹೋಯ್ತಲ್ಲ!" ಎನ್ನುತ್ತ ಪರ್ಸ್ ತೆಗೆದಳು.

"ಮನೇಲಿ ಉಂಡೋರ ಹತ್ರ ದುಡ್ಡು ತಗೊಳಲ್ಲಮ್ಮ," ಎಂದೆ. "ಒಂದು ಮಾತು ನಿಜ ಹೇಳಿ. ಇದು ಊಟದ ಮನೇನೇ ಆಗಿದ್ರೆ ಮತ್ತೆ ಬರ್ತಿದ್ರಾ?"

"ಮುಂದಿನ ಭಾನುವಾರಾನೇ ಬರ್ತೀವಿ, ನಮ್ಮತ್ತೆ ಕಡೆಯೋರ್ನೂ ಕರ್ಕೊಂಡು. ದುಡ್ಡು ತಗೋತೀರಿ ಅಂದ್ರೆ ಮಾತ್ರ."

ನಾನು ಯಜಮಾನರ ಮುಖ ನೋಡಿದೆ. ಅವರು ಸಂಬಲ್ ಬಟ್ಟಲನ್ನು ಕೆಳಗಿಟ್ಟರು.

"ಹನ್ನೊಂದಕ್ಕೆಲ್ಲ ಬಂದ್ಬಿಡಿ," ಎಂದರು, "ಆಮೇಲೆ ಬಂದ್ರೆ ಟೆಂಪೆ ಸಿಗಲ್ಲ."