ಪಕ್ಕೆಯ ಮೇಲೆ ಹನ್ನೆರಡು ಗೆರೆ

ತಮ್ಮನ ಫೋನು ಬಂದಾಗ ಅಕ್ಕ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಕೂತು, ಸ್ಪಿರಿಟ್ಟಿನ ಜಾಡಿಯಿಂದ ತೆಗೆದ ಒಂದು ಸಲಮಾಂಡರಿನ ಕಾಲ್ಬೆರಳು ಎಣಿಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸವೇ ಅದು. ಜಾಡಿಗಳಲ್ಲಿ ಮುಳುಗಿರುವ ಆ ಪ್ರಾಣಿಗಳನ್ನು ಒಂದೊಂದಾಗಿ ಹೊರತೆಗೆದು, ಬೆರಳು, ಪಕ್ಕೆ, ಬಾಲದ ಬುಡ ನೋಡಿ, ಯಾವ ಜಾತಿಯದೆಂದು ಚೀಟಿ ಬರೆದು ಅಂಟಿಸಬೇಕು. ಸಲಮಾಂಡರ್ ಕಪ್ಪೆಯ ದಾಯಾದಿ, ನೋಡಲಷ್ಟೇ ಹಲ್ಲಿಯ ಹಾಗೆ ಎಂದು ಮನೆಯವರಿಗೆ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ತಮ್ಮ ಅವಳಿಗೆ ‘ಹಲ್ಲಿ ಡಾಕ್ಟರ್’ ಎಂದು ಹೆಸರಿಟ್ಟಿದ್ದ. ಊಟಕ್ಕೆ ಬಂದಾಗಲೆಲ್ಲ ‘ಕೈ ತೊಳ್ಕೊಂಡ್ಯಾ?’ ಎಂದು ಕೇಳದೆ ತಟ್ಟೆ ಹಾಕುತ್ತಿರಲಿಲ್ಲ.

ಆವತ್ತು ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ಅಕ್ಕಾ, ಪುಟ್ಟಿ ಹಿತ್ತಲಲ್ಲಿ ಅದೇನೋ ಒದ್ದೆ ಹಲ್ಲಿ ಹಿಡಿದು ಬಾಯಿಗೆ ಹಾಕ್ಕೊಂಡ್ಬಿಟ್ಲು. ಬಾಲ ನುಂಗಿದಾಳೆ. ಆಸ್ಪತ್ರೇಲಿದೀವಿ. ವಿಷದ್ದಿರಬೋದು ಅಂತಿದಾರೆ. ನೀನು ಬಂದ್ಬಿಡು.”

ಆಸ್ಪತ್ರೆ ಮೂರು ಬೀದಿ ಆಚೆ. ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಅಕ್ಕ ಓಡಿದಳು. ಐವತ್ತರ ಹತ್ತಿರದ ಹೆಂಗಸು, ರಬ್ಬರಿನ ಏಪ್ರನ್ ಸಮೇತ, ಸ್ಪಿರಿಟ್ ವಾಸನೆ ಹೊಡೆಯುತ್ತ ಫುಟ್‌ಪಾತಿನಲ್ಲಿ ಓಡಿ ಬಂದರೆ ಯಾರು ತಾನೇ ದಾರಿ ಬಿಡುವುದಿಲ್ಲ?

ಪರದೆ ಎಳೆದ ಮಂಚದ ಮೇಲೆ ಎರಡೂವರೆ ವರ್ಷದ ಪುಟ್ಟಿ ಕೂತಿದ್ದಳು. ನಾಡಿ ನೋಡಲು ಬೆರಳಿಗೆ ಹಾಕಿದ್ದ ಕ್ಲಿಪ್ಪನ್ನು ಕಿತ್ತುಹಾಕಲು ನೋಡುತ್ತಿದ್ದಳು. ತಮ್ಮನ ಹೆಂಡತಿ ಮಗಳ ಎರಡೂ ಪಾದಗಳನ್ನು ಹಿಡಿದುಕೊಂಡು ನಿಂತಿದ್ದಳು, ಬಿಟ್ಟರೆ ಮಗು ಎಲ್ಲಿ ಹೊರಟುಹೋಗುವುದೋ ಎನ್ನುವ ಹಾಗೆ.

ಡಾಕ್ಟರು ಚಿಕ್ಕ ವಯಸ್ಸಿನವಳು. ವಿಷಗಳ ಮಾಹಿತಿ ಕೇಂದ್ರದವರು ಫೋನಿಗೆ ಕಳಿಸಿದ್ದ ಚಿತ್ರ ತೋರಿಸಿದಳು. “ನೋಡಿ, ಕಂದು ಬೆನ್ನು, ಕಿತ್ತಳೆ ಹೊಟ್ಟೆ, ಕಣ್ಣಲ್ಲಿ ಹಳದಿ. ಎಲ್ಲಾ ಹೊಂದುತ್ತೆ. ಇದು ನ್ಯೂಟ್ ಅನ್ನೋ ವಿಷದ ಸಲಮಾಂಡರ್ ಆಗಿದ್ರೆ ಮೊದ್ಲು ತುಟಿ ಜೋಮು ಹಿಡಿಯುತ್ತೆ, ಆಮೇಲೆ ಕೈಕಾಲು ಸೋಲುತ್ತೆ, ಆಮೇಲೆ ಉಸಿರು. ಇದಕ್ಕೆ ಮದ್ದಿಲ್ಲ. ಮಕ್ಕಳನ್ನ ನೋಡೋ ದೊಡ್ಡಾಸ್ಪತ್ರೆ ಎರಡು ಗಂಟೆ ದಾರಿ. ಕಳಿಸೋದಾದ್ರೆ ಇಲ್ಲೇ ಮತ್ತು ಕೊಟ್ಟು ಗಂಟಲಿಗೆ ಉಸಿರಿನ ಕೊಳವೆ ಹಾಕಿ ಕಳಿಸ್ಬೇಕು. ಇಷ್ಟು ಚಿಕ್ಕ ಮಗೂಗೆ ಸುಮ್ಸುಮ್ನೆ ಅದನ್ನ ಮಾಡೋಕೆ ನಂಗಿಷ್ಟ ಇಲ್ಲ. ನೀವು ಇವನ್ನ ಬಲ್ಲೋರಂತೆ. ಹೌದೋ ಅಲ್ವೋ ಹೇಳಿ.”

ತಮ್ಮ ಆ ಪ್ರಾಣಿಯನ್ನು ಹಾಕಿ ತಂದಿದ್ದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದ. ಅಕ್ಕ ಬಗ್ಗಿ ನೋಡಿದಳು. ಕಂದು ಬೆನ್ನು, ಕಿತ್ತಳೆ ಹೊಟ್ಟೆ, ಕಣ್ಣಲ್ಲಿ ಹಳದಿ.

ಅವಳ ಕಷ್ಟ ಬೇರೆಯವರಿಗೆ ತಿಳಿಯುವಂಥದಲ್ಲ. ಬಣ್ಣವಿದ್ದ ಸಲಮಾಂಡರನ್ನು ಅವಳು ಕಣ್ಣಾರೆ ಕಂಡು ಎಷ್ಟೋ ವರ್ಷವಾಗಿತ್ತು. ಸ್ಪಿರಿಟ್ಟಿನಲ್ಲಿ ವರ್ಷಗಟ್ಟಲೆ ಮುಳುಗಿದ್ದರೆ ಯಾವ ಪ್ರಾಣಿಯಾದರೂ ಹಳೇ ಬನಿಯನ್ನಿನ ಬಣ್ಣಕ್ಕೆ ಬಂದುಬಿಡುತ್ತದೆ. ಈಗ ಇಷ್ಟೊಂದು ಕಿತ್ತಳೆ ಕಣ್ಣಿಗೆ ರಾಚಿದಾಗ ಅವಳಿಗೆ ಬೇರೇನೂ ಕಾಣಿಸಲೇ ಇಲ್ಲ.

ಅವಳು ಫೋನು ತೆಗೆದು ಬೆನ್ನಿನ, ಪಕ್ಕೆಯ, ಬಾಲದ ಬುಡದ ಫೋಟೋ ಹೊಡೆದಳು. ಆಮೇಲೆ ಫೋಟೋದ ಬಣ್ಣವನ್ನೆಲ್ಲ ಅಳಿಸಿ ಕಪ್ಪುಬಿಳುಪು ಮಾಡಿದಳು.

“ಫೋಟೋ ತಿದ್ತಾ ಕೂತ್ಯಲ್ಲ ಅಕ್ಕ,” ಎಂದ ತಮ್ಮ.

“ಸ್ವಲ್ಪ ಬಾಯ್ಮುಚ್ಕೋ.”

ಬಣ್ಣ ಹೋದದ್ದೇ ತಡ, ಪ್ರಾಣಿ ಪರಿಚಯದವರ ಹಾಗೆ ಕಾಣತೊಡಗಿತು. ಮುಂಗಾಲಿಗೂ ಹಿಂಗಾಲಿಗೂ ನಡುವೆ, ಪಕ್ಕೆಯ ಮೇಲೆ, ಮೇಲಿಂದ ಕೆಳಕ್ಕೆ ಇಳಿದ ಗೆರೆಗಳು. ಎಣಿಸಿದಳು. ಹನ್ನೆರಡು. ಇನ್ನೊಂದು ಪಕ್ಕೆ ಎಣಿಸಿದಳು. ಅಲ್ಲೂ ಹನ್ನೆರಡು. ನ್ಯೂಟಿಗೆ ಪಕ್ಕೆಯಲ್ಲಿ ಇಂಥ ಗೆರೆ ಇರುವುದಿಲ್ಲ, ಅದರ ಚರ್ಮ ಮರಳು ಕಾಗದದಂತೆ ತರಿತರಿ. ಇದರದು ನುಣುಪು. ಬಾಲ ಮುರಿದ ಜಾಗಕ್ಕೆ ಭೂತಗನ್ನಡಿ ಹಿಡಿದಳು. ಬುಡದಲ್ಲಿ ದಾರ ಬಿಗಿದು ಕಟ್ಟಿದಂತೆ ಒಂದು ಸಣ್ಣ ಸೊಂಟ, ಬಾಲ ಅಲ್ಲೇ ನೀಟಾಗಿ ಕಳಚಿತ್ತು. ಕೊನೆಗೆ ಮೂತಿ. ಮೂಗಿನ ಹೊಳ್ಳೆಯಿಂದ ತುಟಿಗೆ ಕೂದಲೆಳೆಯಷ್ಟು ಸಣ್ಣ ಗೀರು. ಶ್ವಾಸಕೋಶವೇ ಇಲ್ಲದೆ ಚರ್ಮದಲ್ಲಿ ಉಸಿರಾಡುವ ಸಲಮಾಂಡರುಗಳಿಗೆ ಮಾತ್ರ ಇರುವ ಗೀರು ಅದು. ನ್ಯೂಟಿಗೆ ಹುಡುಕಿದರೂ ಸಿಗುವುದಿಲ್ಲ.

“ಪುಟ್ಟಿ, ಬಾಯಿ ಹೇಗಿದೆ ಕಂದ?”

“ಅಂಟು.”

ಡಾಕ್ಟರು ಬಗ್ಗಿದಳು. “ಜುಮ್ ಅನ್ನುತ್ತಾ?”

“ಅಂಟೂ,” ಎಂದಳು ಪುಟ್ಟಿ, ಎಷ್ಟು ಸಲ ಹೇಳಬೇಕು ಇವರಿಗೆ ಎನ್ನುವ ರಾಗದಲ್ಲಿ.

ಅಕ್ಕ ನೆಟ್ಟಗೆ ನಿಂತಳು. “ಇದು ನ್ಯೂಟ್ ಅಲ್ಲ. ಎನ್ಸಟೀನ ಅಂತ. ನ್ಯೂಟಿನ ಬಣ್ಣ ಹಾಕ್ಕೊಂಡು ಊರೆಲ್ಲಾ ಹೆದರಿಸ್ಕೊಂಡು ಓಡಾಡೋ ಪ್ರಾಣಿ. ಹಿಡಿದ್ರೆ ಬಾಲದಿಂದ ಅಂಟು ಹಾಲು ಬಿಡುತ್ತೆ, ಬಾಲಾನೇ ಕಳಚಿ ಓಡುತ್ತೆ. ನ್ಯೂಟ್ ಬಾಲ ಬಿಟ್ಟುಕೊಡಲ್ಲ. ಇದರಿಂದ ಮಗೂಗೆ ಏನೂ ಆಗಲ್ಲ.”

“ಖಂಡಿತಾನಾ?”

ಅಕ್ಕ ತನ್ನ ಚೀಟಿಗಳಲ್ಲಿ ಹೆಸರಿನ ಮುಂದೆ ‘ಬಹುಶಃ’ ಎಂದು ಬರೆಯುವವಳು. ರಜಾ ಅರ್ಜಿಯಲ್ಲೂ ಬಹುಶಃ ಜ್ವರ ಎಂದೇ ಬರೆಯುತ್ತಾಳೆಂದು ಮೇಲಧಿಕಾರಿ ಆಡಿಕೊಳ್ಳುತ್ತಿದ್ದ. ಈಗ ಮಂಚದ ಸುತ್ತ ಮೂರು ಜೋಡಿ ಕಣ್ಣು ಅವಳ ಬಾಯನ್ನೇ ನೋಡುತ್ತಿದ್ದವು. ಅವಳು ಇನ್ನೊಮ್ಮೆ ಡಬ್ಬಿಯ ಮೇಲೆ ಬಗ್ಗಿದಳು. ಮತ್ತೆ ಎರಡೂ ಪಕ್ಕೆ ಎಣಿಸಿದಳು.

“ಖಂಡಿತ. ಬರೆದು ಸಹಿ ಹಾಕ್ಕೊಡ್ತೀನಿ.”

ಡಾಕ್ಟರು ಆ ಫೋಟೋಗಳನ್ನು ಕೇಂದ್ರಕ್ಕೆ ಕಳಿಸಿದಳು. ಅರ್ಧ ಗಂಟೆಗೆ ಅಲ್ಲಿಂದಲೂ ಅದೇ ಹೆಸರು ಬಂತು. ಕೊಳವೆಯ ತಟ್ಟೆಯನ್ನು ನರ್ಸು ಎತ್ತಿಕೊಂಡು ಹೋದಳು. ಆ ತಟ್ಟೆ ಪರದೆಯಾಚೆ ಮರೆಯಾದ ಕೂಡಲೇ ತಮ್ಮನ ಹೆಂಡತಿ ಮಗಳ ಪಾದ ಬಿಟ್ಟು ಅಕ್ಕನ ಕೈ ಹಿಡಿದುಕೊಂಡಳು. “ಅತ್ತಿಗೆ,” ಎಂದಳು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಸಿಕ್ಕ ಸ್ಟೂಲಿನ ಮೇಲೆ ಏಪ್ರನ್ ಸಮೇತ ಕುಸಿದು ಕೂತಳು.

ಸಂಜೆಯವರೆಗೆ ಇಟ್ಟು ನೋಡೋಣ ಎಂದಳು ಡಾಕ್ಟರು. ಅಕ್ಕ ಕೆಲಸಕ್ಕೆ ವಾಪಸು ಹೋಗಬಹುದಿತ್ತು, ಹೋಗಲಿಲ್ಲ. ಬಾಯಿ ಖಂಡಿತ ಎಂದಿದ್ದರೂ ಅವಳ ಮನಸ್ಸು ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಕಾಲು ಗಂಟೆಗೊಮ್ಮೆ ತನ್ನ ಬೆರಳು ಕೊಟ್ಟು ‘ಗಟ್ಟಿ ಹಿಡ್ಕೋ ನೋಡೋಣ’ ಎಂದು ಮಗುವಿನ ಪ್ರಾಣ ತಿಂದಳು. ನಾಲ್ಕನೇ ಸಲಕ್ಕೆ ಪುಟ್ಟಿ ಆ ಬೆರಳನ್ನು ಕಚ್ಚಿದಳು.

ನಾಲ್ಕು ಗಂಟೆಗೆ ಪುಟ್ಟಿ ನಿದ್ದೆಹೋದಳು. ತಮ್ಮ ಅವಳ ಕೈ ಎತ್ತಿ ಬಿಟ್ಟ. ಕೈ ಸಡಿಲವಾಗಿ ಹಾಸಿಗೆಗೆ ಬಿತ್ತು. “ಅಕ್ಕಾ, ಕೈಕಾಲು ಸೋಲುತ್ತೆ ಅಂದಿದ್ರಲ್ಲ...”

“ನಿದ್ದೆ ಕಣೋ.” ಹಾಗೆಂದವಳೇ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು.

ಡಾಕ್ಟರನ್ನು ಕರೆದರು. ಅವಳು ಮಗುವಿನ ಅಂಗಾಲನ್ನು ಬೆರಳಿನಿಂದ ಒಮ್ಮೆ ಗೀರಿದಳು. ಪುಟ್ಟಿಗೆ ನಿದ್ದೆ ಕೆಡಿಸಿದವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಬಗ್ಗಿ ನೋಡುತ್ತಿದ್ದ ಅಪ್ಪನ ಮುಖಕ್ಕೆ ಝಾಡಿಸಿ ಒದ್ದಳು. ಅವನ ಕನ್ನಡಕ ಹಾರಿ ಪಕ್ಕದ ಮಂಚದಡಿ ಬಿತ್ತು.

ಅಕ್ಕನಿಗೆ ಆಗ ಅಳು ಬಂತು. ತಡೆಯುವ ಗೋಜಿಗೇ ಹೋಗಲಿಲ್ಲ.

ತಮ್ಮ ಕನ್ನಡಕ ಹುಡುಕಲಿಲ್ಲ. ಮೂಗು ಒರೆಸಿಕೊಂಡು ಮುಖವನ್ನು ಮತ್ತೆ ಮಗಳ ಕಾಲ ಹತ್ತಿರ ತಂದ.

“ಇನ್ನೊಂದ್ಸಲ ಒದಿ, ಪುಟ್ಟಿ,” ಎಂದ.

ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ಹುಡುಗಿ ಅಪ್ಪನ ಆ ಮಾತನ್ನು ಮಾತ್ರ ಚಾಚೂ ತಪ್ಪದೆ ನಡೆಸಿಕೊಟ್ಟಳು.