ಆರನೆಯ ಮೆಟ್ಟಿಲು

ಎಕ್ಕ, ಪಕ್ಕದಲ್ಲಿ ಇನ್ನೊಂದು ಎಕ್ಕ — ಇಸ್ಪೀಟು ಒಂದು, ಆಟೀನು ಒಂದು, ಪೌಡರ್ ಡಬ್ಬಿಗೆ ಒರಗಿಸಿಟ್ಟ ಫೋನಿನ ಪೋಕರ್ ಆಟದಲ್ಲಿ ಎರಡೂ ಹೊಳೆಯುತ್ತಿವೆ, ಎಲ್ಪಿಡಿಯೊನ ಕೈಯಲ್ಲಿ ಕ್ಷೌರದ ಕತ್ತಿ, ಕುರ್ಚಿಯಲ್ಲಿ ಅರ್ಧ ಗಡ್ಡದ ಜೀಪ್ನಿ ವ್ಯಾನಿನ ಡ್ರೈವರ್ ಬೆನಿಂಗ್, ಏನಣ್ಣಾ, ನೊರೆ ಒಣಗಿ ಸುಣ್ಣ ಆಗ್ತಿದೆ, ಒಂದ್ನಿಮಿಷ ಕಣೋ, ನಿಮಿಷವೆಲ್ಲಿ, ಇರುವುದು ಹದಿನೆಂಟೇ ಸೆಕೆಂಡು, ಎದುರಿನವನು ತನ್ನ ಬಿಲ್ಲೆಗಳ ರಾಶಿಯನ್ನೆಲ್ಲ ಮುಂದಕ್ಕೆ ತಳ್ಳಿ ಕೂತಿದ್ದಾನೆ, ಮೇಜಿನಲ್ಲಿ ದೊಡ್ಡ ರಾಶಿ ಅವನದು, ಎರಡನೆಯದು ತನ್ನದು — ಎಲೆ ಎಸೆದು ಈ ಆಟ ಬಿಡಬೇಕು, ಕಣ್ಣು ಮುಚ್ಚಿ ಎಸೆಯಬೇಕು, ತಂಗಿಯ ಮಗಳು ಜೋವಿ ತಲೆ ತಲೆ ಚಚ್ಚಿಕೊಂಡು ಹೇಳಿದ್ದಳಲ್ಲ, ಮಾವಾ, ಈ ಮೆಟ್ಟಿಲಲ್ಲಿ ಮೊದಲು ಬಂದೋನಿಗೂ ನಾಲ್ಕನೇ ಬಂದೋನಿಗೂ ಒಂದೇ ಟಿಕೆಟ್ಟು, ಗೆಲ್ಲೋಕೆ ಹೋಗ್ಬೇಡಿ, ಸಾಯದೆ ಕೂತಿರಿ ಸಾಕು, ಎಕ್ಕದ ಜೋಡಿ ಬಂದ್ರೂ ಬಿಸಾಕಿ, ಆಗ ನಕ್ಕಿದ್ದ, ಎಕ್ಕದ ಜೋಡಿ ಬಿಸಾಕೋಕೆ ನನಗೇನು ಹುಚ್ಚಾ — ಮೂರು ವಾರ, ಹೊಸಬರಿಗೆಂದು ಪುಕ್ಕಟೆ ಕೊಟ್ಟ ಟಿಕೆಟ್ಟಿನಿಂದ ಶುರುಮಾಡಿ ಐದು ಮೆಟ್ಟಿಲು ಹತ್ತಿದ್ದಾನೆ, ಇದು ಆರನೆಯದು, ದಾಟಿದರೆ ಮನಿಲಾದ ದೊಡ್ಡ ಪಂದ್ಯ, ಇಬ್ಬರಿಗೆ ವಿಮಾನ, ಇಬ್ಬರಿಗೆ ಹೋಟೆಲ್ಲು, ಅಂಗಡಿಯ ಪರದೆಯ ಹಿಂದೆ ಹೆಂಡತಿ ಲುರ್ಡೆಸ್ ಹಳದಿ ಲಂಗ ಇಸ್ತ್ರಿ ಮಾಡುತ್ತಿದ್ದಾಳೆ, ಮದುವೆಯಾಗಿ ಇಪ್ಪತ್ತಾರು ವರ್ಷ, ತಮ್ಮೂರು ಡುಮಗೆಟೆಯ ಮೇಲೆ ಹಾರುವ ವಿಮಾನವನ್ನು ಬಟ್ಟೆ ಒಣಹಾಕುತ್ತ ಬರೀ ನೋಡಿದವಳು, ಕಿಟಕಿ ಪಕ್ಕ ನಾನೇ ಕೂರೋದು ರೀ, ಈಗಲೇ ಹೇಳಿದೀನಿ — ಉಳಿದವರು ಐವರು, ಟಿಕೆಟ್ಟು ನಾಲ್ಕು, ಮೂಲೆಯಲ್ಲಿ ಒಬ್ಬನ ಮುಂದೆ ಒಂದೇ ಒಂದು ಬಿಲ್ಲೆ, ಮುಂದಿನ ಸುತ್ತಿನ ಕಡ್ಡಾಯ ಪಣಕ್ಕೆ ಅದೂ ಹೋಗುತ್ತದೆ, ಅವನು ಹೋಗುವವರೆಗೆ ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ಅಷ್ಟು ಕಷ್ಟವೇ, ಏಳು ಸೆಕೆಂಡು, ಆದರೆ ಎಕ್ಕ, ಜನ್ಮದಲ್ಲಿ ಇಂಥ ಎಲೆ ಕೈಗೆ ಬಂದದ್ದುಂಟೇ, ಎಸೆದೆ ಅಂದರೆ ಬೀದಿಯವರು ನಗುವುದಿಲ್ಲವೇ, ಭಯ, ಹೌದು ಭಯವೇ, ಎಸೆಯಲೂ ಭಯ, ಆಡಲೂ ಭಯ, ಮೂರು, ಎರಡು — ರಾಶಿಯನ್ನೆಲ್ಲ ಒಡ್ಡಿ ಒತ್ತಿಬಿಟ್ಟ.

ಎದುರಿನವನದು ಬರೀ ಏಳರ ಜೋಡಿ, ಗೆದ್ದೆ, ಜೋವಿ, ನೋಡೇ, ನಿನ್ನ ಮಾವ ಗೆದ್ದ, ಎಲೆಗಳು ಬೀಳುತ್ತಿವೆ, ರಾಣಿ, ಮೂರು, ಒಂಬತ್ತು, ಏನೂ ಇಲ್ಲ, ನಾಲ್ಕು, ಏನೂ ಇಲ್ಲ, ಇನ್ನೊಂದೇ ಎಲೆ, ದೇವರೇ, ಅಮ್ಮಾ ಮರಿಯಾ — ಏಳು. ಕಳಾವರ್ ಏಳು. ಅವನದು ಮೂರು ಏಳು. ತನ್ನ ರಾಶಿ ಜಾರಿ ಆ ಕಡೆ ಹೋಯಿತು, ಸದ್ದಿಲ್ಲ, ಐದನೆಯ ಸ್ಥಾನ, ಆಡಿದ್ದಕ್ಕೆ ವಂದನೆಗಳು, ಏನಾಯ್ತಣ್ಣಾ, ಮುಖ ಯಾಕೆ ಹಂಗಾಯ್ತು, ಪರದೆಯಾಚೆಯಿಂದ ರೀ, ಆಯ್ತಾ, ಸಿಕ್ತಾ, ಮುಂದಿನ ಸುತ್ತಿನವರೆಗೆ ಸುಮ್ಮನಿದ್ದಿದ್ದರೆ, ಬರೀ ಸುಮ್ಮನೆ, ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದು, ಬರುತ್ತಿದ್ದಾಳೆ — ಫೋನಿನ ಮೂಲೆಯಲ್ಲಿ ಆ ಒಂದೇ ಬಿಲ್ಲೆಯವನು, ಅವನ ಹೆಸರಿನ ಕೆಳಗೆ ಹಸಿರು ಅಕ್ಷರ, ಟಿಕೆಟ್ ಸಿಕ್ಕಿದೆ, ಒಂದೇ ಬಿಲ್ಲೆ, ಒಂದೇ ಒಂದು ಬಿಲ್ಲೆ,